ಮಲಗಿದ್ದ ಎರಡು ಪಿನ್ನು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಗೋವೆಯ ಝುವಾರಿನಗರದ ನಾಲ್ಕು ಮಂದಿಗೆ ಅವರು ಯಾರೆಂದು ತಿಳಿಯುತ್ತದೆ, ಅದರ ಬೆನ್ನಿಗೇ ನಾನು ಯಾರೆಂಬುದೂ ತಿಳಿಯುತ್ತದೆ. ಮೊದಲನೆಯದರಿಂದ ಯಾರಿಗೂ ತೊಂದರೆಯಿಲ್ಲ.

ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಇಂಡಿ ಕಡೆಯವರು. ನಾನು ಪೈಪಿನ ಬಿಡಿಭಾಗ ಮಾಡುವ ಆ ಶೆಡ್ಡಿಗೆ ಸ್ಟೋರಿನ ಸಹಾಯಕನಾಗಿ ಸೇರುವ ಹೊತ್ತಿಗೆ ಅವರು ಅಲ್ಲಿ ಹಮಾಲಿ ಮಾಡಿ ಹದಿನೇಳೋ ಹದಿನೆಂಟೋ ವರ್ಷವಾಗಿತ್ತು. ಪೆಟ್ಟಿಗೆ ಹೊತ್ತು ಹೊತ್ತು ಸೊಂಟ ಒಂದು ಮಗ್ಗುಲಿಗೆ ವಾಲಿತ್ತು. ನಿಂತರೆ ಯಾರದೋ ಮಾತಿಗೆ ಕಿವಿಗೊಟ್ಟು ಬಾಗಿದವರಂತೆ ಕಾಣುತ್ತಿದ್ದರು. ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ಲು. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಮುಚ್ಚಿದ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಾಡಿಸಿದರೆ ಒಳಗಿರುವುದು ಅರ್ಧ ಇಂಚಿನ ನಟ್ಟೋ ಮುಕ್ಕಾಲು ಇಂಚಿನದೋ ಎಂದು ಹೇಳುತ್ತಿದ್ದರು. ಯಾವ ಮಾಲು ಯಾವ ಕಪಾಟಿನ ಎಷ್ಟನೇ ಸಾಲಿನಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. ಮಡಗಾಂವ್ ಕಡೆಯ ನಮ್ಮ ಮ್ಯಾನೇಜರ್ ಸಾಹೇಬರು ರಿಜಿಸ್ಟರ್ ತೆರೆಯುವ ಮೊದಲು ಕಾಕಾನನ್ನು ಕರೆದು ಕೇಳುತ್ತಿದ್ದರು. ರಿಜಿಸ್ಟರ್ ಬರೆಯುತ್ತಿದ್ದವನು ನಾನು.

ಅವರು ಸಂತರೇನೂ ಆಗಿರಲಿಲ್ಲ. ಒಮ್ಮೆ ನಮ್ಮ ಜೊತೆಯ ಒಬ್ಬ ಕೆಲಸಗಾರ ಹಿತ್ತಾಳೆಯ ಒಂದು ಸಣ್ಣ ವಾಲ್ವನ್ನು ಊಟದ ಡಬ್ಬಿಯಲ್ಲಿಟ್ಟು ಒಯ್ಯುತ್ತಿದ್ದ. ಗೇಟಿನಲ್ಲಿ ಯಾರೂ ತಪಾಸು ಮಾಡಲಿಲ್ಲ. ಅವನ ಡಬ್ಬಿ ನಡೆಯುವಾಗ ಮಾಡಿದ ಸದ್ದಿನಿಂದ ಕಾಕಾಗೆ ತಿಳಿಯಿತು. ಅಲ್ಲೇ ನಿಲ್ಲಿಸಿ ಡಬ್ಬಿ ತೆರೆಸಿದರು. ಆತ ಕಾಲು ಹಿಡಿದ. ಕಾಕಾ ಕಾಲು ಹಿಂದಕ್ಕೆ ಎಳೆದುಕೊಂಡು ಸಾಹೇಬರ ಕೋಣೆಗೆ ನಡೆದರು. ಅವನ ಕೆಲಸ ಹೋಯಿತು. ಆಮೇಲೆ ಎಷ್ಟೋ ವರ್ಷ ಅವನು ಬಸ್ಸಿನಲ್ಲಿ ಎದುರು ಸಿಕ್ಕರೂ ಕಾಕಾ ಕಿಟಕಿಯ ಹೊರಗೆ ನೋಡುತ್ತಿದ್ದರು. ಒಮ್ಮೆ ಒಬ್ಬನನ್ನು ಕಳ್ಳ ಎಂದು ತೀರ್ಮಾನಿಸಿದರೆ ಮುಗಿಯಿತು, ಅವರ ಪಾಲಿಗೆ ಆ ಮನುಷ್ಯ ಇಲ್ಲ. ಅವರ ಈ ಗುಣ ನನಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ನಾನು ಮಾಡಿದ್ದನ್ನು ಇದನ್ನು ತಿಳಿದೇ ಮಾಡಿದೆ.

ಹನ್ನೆರಡು ವರ್ಷದ ಹಿಂದಿನ ಮಳೆಗಾಲ. ಸ್ಟೋರಿನ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂದು ಮೇಲಿನಿಂದ ಆದೇಶ ಬಂತು. ಗಣೇಶ ಚವತಿ ಮುಗಿದ ಮೇಲೆ ಒಬ್ಬನನ್ನು ಸ್ಟೋರ್ ಕ್ಲಾರ್ಕ್ ಮಾಡುತ್ತೇವೆ, ಮಾಲಿನ ಮಾಹಿತಿ ಇರಬೇಕು, ಕಂಪ್ಯೂಟರೂ ಬರಬೇಕು, ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು ಎಂದು ಸಾಹೇಬರು ಹೇಳಿದರು. ಆರು ತಿಂಗಳ ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟು ಇದ್ದವನು ಇಡೀ ಶೆಡ್ಡಿನಲ್ಲಿ ನಾನೊಬ್ಬನೇ. ಅಂದು ಊಟದ ಹೊತ್ತಿನಲ್ಲಿ ಕಾಕಾ ನನ್ನ ಪಕ್ಕ ಕೂತು, ಬಸಿಯಲ್ಲಿ ಚಹಾ ಸುರುವಿಕೊಂಡು, ಕಂಪ್ಯೂಟರ್ ಕಲಿಯಲು ಎಷ್ಟು ದಿನ ಬೇಕು ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಸೊಂಟ ಇನ್ನೆರಡು ವರ್ಷವೂ ತಡೆಯುವುದಿಲ್ಲ, ಕುರ್ಚಿಯ ಕೆಲಸ ಸಿಕ್ಕರೆ ಬದುಕುತ್ತೇನೆ ಎಂದರು.

ಕ್ಲಾಸಿಗೆ ಹೋಗುವಷ್ಟು ಬಿಡುವು ಅವರಿಗಿರಲಿಲ್ಲ. ವಾಸ್ಕೋದ ಗುಜರಿ ಅಂಗಡಿಯಲ್ಲಿ ಸವಣೂರಿನ ಗೌಸ್‌ಸಾಬ್ ಎಂಬವರಿದ್ದರು. ಆಫೀಸುಗಳು ಬಿಸಾಡಿದ ಕಂಪ್ಯೂಟರುಗಳು ಅವರಲ್ಲಿಗೆ ಬರುತ್ತಿದ್ದವು. ಕಾಕಾ ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಒಂದೊಂದೇ ಭಾಗ ಆರಿಸಿ ತಂದರು. ಒಂದು ವಾರ ತುಕ್ಕು ಹಿಡಿದ ಡಬ್ಬ, ಇನ್ನೊಂದು ವಾರ ಮದರ್‌ಬೋರ್ಡು, ಆಮೇಲೆ ಪ್ರೊಸೆಸರು, ಮೆಮೊರಿ, ಪವರ್ ಸಪ್ಲೈ, ಒಂದು ದಪ್ಪ ಹೊಟ್ಟೆಯ ಮಾನಿಟರು. ಯಾವುದನ್ನು ಎಲ್ಲಿ ಸಿಕ್ಕಿಸಬೇಕೆಂದು ಗೌಸ್‌ಸಾಬರು ಹೇಳಿದ್ದನ್ನು ನೆನಪಿನಲ್ಲಿಟ್ಟುಕೊಂಡು ಬಂದು ಮನೆಯಲ್ಲಿ ಕೂಡಿಸುತ್ತಿದ್ದರು.

ಮನೆ ಎಂದರೆ ನಮ್ಮ ಸಾಲಿನ ಎಲ್ಲರ ಮನೆಯಂತೆ ತಗಡಿನ ಮಾಡಿನ ಒಂದು ಕೋಣೆ. ಅದರಲ್ಲಿ ಅವರು, ನಾವು ಕಾಕು ಎನ್ನುತ್ತಿದ್ದ ಅವರ ಹೆಂಡತಿ, ಹೆಂಡತಿಯ ತಮ್ಮ ಮಲ್ಲೇಶಿ. ಅವನ ಹೆಸರನ್ನೂ ಗೌಸ್‌ಸಾಬರ ಹೆಸರನ್ನೂ ನಾನು ಬದಲಿಸಿದ್ದೇನೆ. ಮಕ್ಕಳಿರಲಿಲ್ಲ. ಹತ್ತು ವರ್ಷದವನಿದ್ದಾಗ ಅಕ್ಕನ ಮನೆಗೆ ಬಂದಿದ್ದ ಮಲ್ಲೇಶಿಯನ್ನು ಕಾಕು ಮಗನೆಂದೇ ಸಾಕಿದ್ದರು. ಆಗ ಅವನಿಗೆ ಇಪ್ಪತ್ತೈದು ದಾಟಿತ್ತು, ಬಂದರಿನಲ್ಲಿ ರಾತ್ರಿ ಪಾಳಿ ಮಾಡಿ ಬಂದು ಹಗಲು ಮಲಗುತ್ತಿದ್ದ. ಕಂಪ್ಯೂಟರಿನ ಟೇಬಲ್ಲು ಬಂದು ಕೂತದ್ದು ಅವನು ಚಾಪೆ ಹಾಸುತ್ತಿದ್ದ ಜಾಗದಲ್ಲಿ. ಇದನ್ನು ಒಂದು ದಿನ ಎತ್ತಿ ಹೊರಗೆ ಒಗೆಯುತ್ತೇನೆ ಎಂದು ಅವನು ಸಿಟ್ಟಿನಲ್ಲಿ ಅಂದದ್ದು ಸಾಲಿನವರಿಗೆಲ್ಲ ಕೇಳಿತ್ತು.

ಎಲ್ಲ ಜೋಡಿಸಿ ಸ್ವಿಚ್ಚು ಒತ್ತಿದ ದಿನ ಫ್ಯಾನು ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಒಳಗಿನಿಂದ ಬೀಪ್ ಬೀಪ್ ಎಂದು ಸದ್ದು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬೇರೆ ಯಾರಾದರೂ ಆಗಿದ್ದರೆ ಹತ್ತು ವಯರು ಕಿತ್ತು ಹತ್ತು ವಯರು ಸಿಕ್ಕಿಸುತ್ತಿದ್ದರು. ಕಾಕಾ ಕಣ್ಣು ಮುಚ್ಚಿ ಆ ಸದ್ದನ್ನು ಮೂರು ಸಲ ಕೇಳಿದರು. ಮೆಮೊರಿಯನ್ನು ಮಾತ್ರ ಹೊರಗೆ ತೆಗೆದು ಮತ್ತೆ ಒತ್ತಿದರು. ಅದೇ ಸದ್ದು.

"ಇದು ಇದ್ದರೂ ಒಂದ, ಇಲ್ಲದಿದ್ದರೂ ಒಂದ ಅಂತ ಒದರಾಕತ್ತೈತಿ," ಎಂದರು. "ಅಂದರ ಇದು ಬೋರ್ಡಿಗೆ ಮುಟ್ಟವಲ್ದು."

ಗೋವೆಯ ಮಳೆಗಾಲದಲ್ಲಿ ಹೊದ್ದುಕೊಳ್ಳುವ ಚಾದರವೇ ಬೂಷ್ಟು ಹಿಡಿಯುತ್ತದೆ. ಮೆಮೊರಿಯ ಹಿತ್ತಾಳೆಯಂಥ ಹಲ್ಲುಗಳ ಮೇಲೆ ಕರಿ ಕೂತಿತ್ತು. ಅವರು ಪೆನ್ಸಿಲ್ಲಿನ ಹಿಂದಿನ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಬಾಯಿಯಿಂದ ಊದದೆ ಬಟ್ಟೆಯಿಂದ ಒರೆಸಿ ಕೂಡಿಸಿದರು. ಪರದೆಯ ಮೇಲೆ ಬಿಳಿ ಅಕ್ಷರಗಳು ಒಂದರ ಹಿಂದೆ ಒಂದು ಇಳಿದವು. ಕಾಕು ಸಾಲಿನವರಿಗೆಲ್ಲ ಶಿರಾ ಹಂಚಿದರು. ಮಲ್ಲೇಶಿ ಕೂಡ ಎದ್ದು ಬಂದು, ಮಾಮಾ ಗೆದ್ದ ಎಂದು ನಕ್ಕ. ನಾನೂ ಶಿರಾ ತಿಂದೆ. ಆರು ತಿಂಗಳ ಕೋರ್ಸಿನಲ್ಲಿ ನನಗೆ ಯಾರೂ ಡಬ್ಬದ ಒಳಗನ್ನು ಹೀಗೆ ತೋರಿಸಿರಲಿಲ್ಲ. ತೋರಿಸಿದ್ದರೂ ಆ ಸದ್ದು ನನಗೆ ಅರ್ಥವಾಗುತ್ತಿರಲಿಲ್ಲ.

ಮರುದಿನ ಅದನ್ನು ಕೇಳಿದ ಸಾಹೇಬರು ನನ್ನ ಎದುರಿಗೇ, ಈ ಮುದುಕನಿಗೆ ಕೀಬೋರ್ಡಿನ ಮೇಲೆ ಕೈ ಕೂತರೆ ನನಗೆ ಇನ್ನೊಬ್ಬ ಬೇಕಾಗಿಲ್ಲ ಎಂದರು. ತಮಾಷೆಗೆ ಹೇಳಿದರೋ ಏನೋ. ನಾನು ಎರಡು ದಿನ ಅದನ್ನೇ ನುಂಗಿಕೊಂಡು ಓಡಾಡಿದೆ. ಬುಧವಾರ ಹೊಟ್ಟೆನೋವೆಂದು ಅರ್ಧ ದಿನದ ರಜೆ ಹಾಕಿ ಬಂದೆ.

ಕಾಕಾ ಕೆಲಸದಲ್ಲಿದ್ದರು. ಕಾಕು ಕ್ವಾರ್ಟರ್ಸಿನ ಮನೆಗೆಲಸಕ್ಕೆ ಹೋಗಿದ್ದರು. ಮಲ್ಲೇಶಿ ಒಳಗೆ ಮಲಗಿದ್ದಾನೋ ಎಂದು ನೋಡಲು ಹೋದರೆ ಬಾಗಿಲಿಗೆ ಬೀಗ. ಅವನು ಆ ಹೊತ್ತಿಗೆ ಗುಡ್ಡದ ಹಿಂದೆ ಇಸ್ಪೀಟು ಆಡುವವರ ಜೊತೆ ಕೂತಿರುತ್ತಿದ್ದದ್ದು ನನಗೆ ಗೊತ್ತಿತ್ತು, ಕಾಕಾಗೆ ಗೊತ್ತಿರಲಿಲ್ಲ. ಕೀಲಿ ಬಾಗಿಲ ಚೌಕಟ್ಟಿನ ಮೇಲೆಯೇ ಇರುತ್ತಿತ್ತು. ಒಳಗೆ ಹೋಗಿ ಡಬ್ಬ ತೆರೆದೆ. ಫ್ಯಾನು ಬಿಚ್ಚಿ, ಪ್ರೊಸೆಸರನ್ನು ಎತ್ತಿದೆ. ಅದರ ಕೆಳಗೆ ಕೂದಲಿನಷ್ಟು ಸಣ್ಣ ನೂರಾರು ಪಿನ್ನುಗಳು ಸಾಲಾಗಿ ನಿಂತಿರುತ್ತವೆ, ಕಾಕಾ ಕೂಡಿಸುವಾಗಲೇ ನೋಡಿದ್ದೆ. ನನ್ನ ಹೆಂಡತಿಯ ಹೊಲಿಗೆ ಸೂಜಿಯಿಂದ ಅವುಗಳಲ್ಲಿ ಎರಡನ್ನು ಮಲಗಿಸಿದೆ. ಎಲ್ಲ ಮೊದಲಿನಂತೆ ಕೂಡಿಸಿ, ಕೀಲಿ ಇದ್ದಲ್ಲಿ ಇಟ್ಟು ಬಂದೆ. ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಅದನ್ನು ಹೇಳಬೇಕು, ನಿದ್ದೆ ಬಂತು.

ಸಂಜೆ ಕಂಪ್ಯೂಟರು ಏಳಲಿಲ್ಲ. ಫ್ಯಾನು ಮಾತ್ರ ತಿರುಗುತ್ತಿತ್ತು. ಈ ಸಲ ಬೀಪ್ ಕೂಡ ಇಲ್ಲ.

ಕಾಕಾ ನನ್ನನ್ನೇ ಕರೆದರು. ಮಾಲು ನನಗ ತಿಳಿತೈತಿ, ಇದು ಓದಿದವರ ವಸ್ತು, ನೋಡು ತಮ್ಮಾ ಎಂದರು. ನಾನು ಡಬ್ಬದೊಳಗೆ ಇಣುಕಿ ಬಹಳ ಯೋಚಿಸುವವನಂತೆ ನಟಿಸಿದೆ. ಮೆಮೊರಿ ಇರಬಹುದು, ಪವರ್ ಇರಬಹುದು, ಬೋರ್ಡೂ ಇರಬಹುದು ಎಂದೆ. ಅವರ ಬೆರಳು ಪ್ರೊಸೆಸರಿನ ಫ್ಯಾನಿನ ಕಡೆ ಹೋಯಿತು.

"ಅದರ ತಂಟೇಕ ಹೋಗಬ್ಯಾಡ್ರಿ ಕಾಕಾ," ಎಂದೆ. "ಒಮ್ಮಿ ಕೂಡಿಸಿದ್ದನ್ನ ಎತ್ತಿದರ ಅದು ಸತ್ತಂಗ."

ಅವರು ಬಿಸಿ ತಾಗಿದವರಂತೆ ಕೈ ಹಿಂತೆಗೆದುಕೊಂಡರು.

ಮೂರು ವಾರ ಅವರು ಆ ಒಂದು ಜಾಗವನ್ನು ಬಿಟ್ಟು ಉಳಿದ ಎಲ್ಲವನ್ನೂ ನೋಡಿದರು. ದಿನವೂ ಕೆಲಸದಿಂದ ಬಂದು, ಕೈಕಾಲು ತೊಳೆದು, ಸೊಂಟಕ್ಕೆ ಟವೆಲ್ ಬಿಗಿದು ಕೂರುವರು. ಒಂದು ದಿನ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ ಎಂದು ನನಗೇ ಪಾಠ ಹೇಳುವರು. ಪವರ್ ಸಪ್ಲೈ ಹೊತ್ತುಕೊಂಡು ವಾಸ್ಕೋಗೆ ಹೋಗಿ ಗೌಸ್‌ಸಾಬರ ಬೇರೆ ಮಷೀನಿಗೆ ಹಾಕಿ ನೋಡಿ ಬಂದರು, ಅದು ಸರಿ ಇತ್ತು. ಮೆಮೊರಿ ಒಯ್ದರು, ಅದೂ ಸರಿ. ಮಾನಿಟರನ್ನು ತಲೆಯ ಮೇಲೆ ಹೊತ್ತು ಬಸ್ ಹತ್ತಿದರು, ಅದೂ ಸರಿ. ಬೋರ್ಡಿನ ಸಣ್ಣ ಬ್ಯಾಟರಿ ಬದಲಿಸಿದರು. ಬೋರ್ಡು ಡಬ್ಬದ ತಗಡಿಗೆ ತಾಗಿ ಶಾರ್ಟ್ ಆಗಿರಬಹುದೆಂದು ಅದನ್ನು ಹೊರತೆಗೆದು ರಟ್ಟಿನ ಮೇಲಿಟ್ಟು ಸ್ವಿಚ್ಚು ಒತ್ತಿದರು. ಪ್ರತಿ ದಿನವೂ ನನ್ನನ್ನು ಕರೆದು ಇವತ್ತಿನ ಫಲಿತಾಂಶ ಹೇಳುತ್ತಿದ್ದರು. ನಾನು ಪ್ರತಿ ದಿನವೂ ಹೋಗುತ್ತಿದ್ದೆ. ಹೋಗದೆ ಇರಬಹುದಿತ್ತು. ಅವರ ಲೆಕ್ಕಾಚಾರ ಎಷ್ಟು ಕರಾರುವಾಕ್ಕಾಗಿ ಸಾಗುತ್ತದೆ, ಆ ಒಂದು ಜಾಗದ ಸುತ್ತ ಎಷ್ಟು ಹತ್ತಿರ ಬಂದು ಹಿಂತಿರುಗುತ್ತದೆ ಎಂದು ನೋಡುವುದರಲ್ಲಿ ನನಗೊಂದು ರುಚಿ ಹತ್ತಿತ್ತು.

ಚವತಿ ಮುಗಿದು ಪರೀಕ್ಷೆಯ ದಿನ ಬಂತು. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಸಾಹೇಬರ ಕೋಣೆಯಲ್ಲಿ ಕೀಬೋರ್ಡಿನ ಮುಂದೆ ಕೂತು ಒಂದು ಬೆರಳಿನಿಂದ ಅಕ್ಷರ ಹುಡುಕಿದರು. ಒಂದು ಸಾಲು ಮುಗಿಯುವಷ್ಟರಲ್ಲಿ ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಆಮೇಲೆ ನಾನು ಕೂತೆ. ನನಗೆ ಟೈಪು ಮಾಡಲು ಬರುತ್ತಿತ್ತು, ಆದರೆ ಯಾವ ಮಾಲು ಎಲ್ಲಿದೆಯೆಂದು ನೆನಪಿರಲಿಲ್ಲ. ಸಾಹೇಬರು ಕಾಕಾನನ್ನು ನನ್ನ ಕುರ್ಚಿಯ ಪಕ್ಕ ನಿಲ್ಲಿಸಿ, ನೀನು ಹೇಳು, ಅವನು ಹೊಡೆಯಲಿ ಎಂದರು. ಅವರು ನಿಂತು ಕಪಾಟಿನ ಸಾಲುಗಳನ್ನು ಒಂದೊಂದಾಗಿ ಹೇಳಿದರು. ಒಂದೂ ತಪ್ಪಲಿಲ್ಲ. ಕೆಲಸ ನನಗೆ ಸಿಕ್ಕಿತು. ಹೊರಗೆ ಬಂದ ಮೇಲೆ ಅವರೇ ಮೊದಲು ನನ್ನ ಬೆನ್ನು ತಟ್ಟಿದರು.

ಕಥೆ ಅಲ್ಲಿಗೇ ಮುಗಿದಿದ್ದರೆ ಅದು ಒಬ್ಬ ಸಣ್ಣ ಮನುಷ್ಯನ ಸಣ್ಣತನ ಅಷ್ಟೇ ಆಗಿರುತ್ತಿತ್ತು.

ಪರೀಕ್ಷೆ ಮುಗಿದ ಮೇಲೂ ಕಾಕಾ ಆ ಮಷೀನನ್ನು ಬಿಡಲಿಲ್ಲ. ಇನ್ನು ಸತ್ತರೆಷ್ಟು ಬಿಟ್ಟರೆಷ್ಟು ಎಂದು ಪ್ರೊಸೆಸರನ್ನು ಎತ್ತಿದರು. ವಾಚ್ ರಿಪೇರಿಯವನ ಹತ್ತಿರ ಕಣ್ಣಿಗೆ ಹಾಕುವ ಗಾಜು ತಂದು ನೋಡಿದರು. ಎರಡು ಪಿನ್ನು ಮಲಗಿದ್ದವು. ಸೂಜಿಯಿಂದಲೇ ಎಬ್ಬಿಸಿದರು. ಮಷೀನು ಎದ್ದಿತು. ನನ್ನನ್ನು ಕರೆದರು. ಹೋದೆ. ಪರದೆ ಬೆಳಗುತ್ತಿತ್ತು, ಅವರ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ.

"ಇವು ತಾವಾಗಿ ಮಲಗ್ತಾವೇನು ತಮ್ಮಾ?" ಎಂದು ಕೇಳಿದರು.

ಮಲಗುತ್ತವೆ ಎನ್ನಬಹುದಿತ್ತು. ಬಿಸಿಗೆ, ಹಳೆಯದಕ್ಕೆ, ಗೌಸ್‌ಸಾಬರ ಗುಜರಿಯಲ್ಲೇ ಬಗ್ಗಿತ್ತು ಎಂದು ಏನು ಹೇಳಿದರೂ ಅವರು ನಂಬುತ್ತಿದ್ದರು. ಆದರೆ ಅದನ್ನು ಎತ್ತಬೇಡಿ ಎಂದವನು ನಾನು. ಆ ಮಾತು ಅವರಿಗೆ ಯಾವ ಗಳಿಗೆಯಲ್ಲಿ ನೆನಪಾಗುತ್ತದೋ ಎಂದು ಹೆದರಿಕೆಯಾಯಿತು. ಅವರ ಯೋಚನೆ ಬೇರೆ ಕಡೆ ತಿರುಗಬೇಕಿತ್ತು.

"ತಾವಾಗಿ ಮಲಗೂದಿಲ್ಲರಿ," ಎಂದೆ. "ಯಾರೋ ಸೂಜಿ ಹಾಕ್ಯಾರ."

ಅವರು ಮಷೀನಿನ ಮೇಲೆ ಮಾಡಿದಂತೆಯೇ ಮನುಷ್ಯರ ಮೇಲೂ ಲೆಕ್ಕ ಮಾಡಿದರು. ಮಂಗಳವಾರ ಎದ್ದಿದ್ದ ಮಷೀನು ಬುಧವಾರ ಏಳಲಿಲ್ಲ. ಬುಧವಾರ ಹಗಲು ತಾನಿರಲಿಲ್ಲ, ಹೆಂಡತಿ ಇರಲಿಲ್ಲ. ನನ್ನ ಅರ್ಧ ದಿನದ ರಜೆ ಅವರ ಲೆಕ್ಕಕ್ಕೆ ಬರಲೇ ಇಲ್ಲ. ಮಲ್ಲೇಶಿಯನ್ನು ಎಬ್ಬಿಸಿ ಕೇಳಿದರು. ಇಸ್ಪೀಟಿನ ವಿಷಯ ಹೊರಬಿದ್ದರೆ ಮಾಮಾ ಬಿಡುವುದಿಲ್ಲವೆಂದು ಅವನು, ಆ ದಿನ ಪೂರ್ತಿ ಮನೆಯಲ್ಲೇ ಮಲಗಿದ್ದೆ, ಎಲ್ಲಿಗೂ ಹೋಗಿಲ್ಲ ಎಂದ. ಯಾರಾದರೂ ಬಂದಿದ್ದರೇ ಎಂದರೆ, ಯಾರೂ ಬಂದಿಲ್ಲ ಎಂದ. ಅವನ ಸುಳ್ಳು ಸುಳ್ಳೆಂದು ಅವನನ್ನು ಬಿಟ್ಟರೆ ಅಲ್ಲಿದ್ದವರಲ್ಲಿ ಖಾತ್ರಿಯಾಗಿ ಬಲ್ಲವನು ಬಾಗಿಲಲ್ಲಿ ನಿಂತಿದ್ದ ನಾನೊಬ್ಬನೇ.

ಕಾಕಾ ಬಯ್ಯಲಿಲ್ಲ, ಹೊಡೆಯಲಿಲ್ಲ. ಅವನ ಚಾಪೆ, ಎರಡು ಜೊತೆ ಬಟ್ಟೆ ಗಂಟು ಕಟ್ಟಿ ಹೊರಗಿಟ್ಟರು. ಕಾಕು ಅಡ್ಡ ಬಂದರು. ನೀನೂ ಹೋಗುವುದಿದ್ದರೆ ಹೋಗು ಎಂದರು ಕಾಕಾ. ಮಲ್ಲೇಶಿ ಮೊದಲು ನಗೆಚಾಟಿಕೆ ಎಂದುಕೊಂಡ, ಆಮೇಲೆ ಅತ್ತ, ನಾ ಮುಟ್ಟಿಲ್ಲ ಎಂದು ಆಣೆ ಮಾಡಿದ. ಇಸ್ಪೀಟಿನ ಮಾತು ಆಗ ಹೇಳಿದ. ಕಾಕಾ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ಒಂದು ಸಲ ಮಾತು ಬದಲಿಸಿದವನ ಎರಡನೇ ಮಾತಿಗೆ ಅವರ ಹತ್ತಿರ ಬೆಲೆಯಿರಲಿಲ್ಲ. ಆ ಗಂಟನ್ನು ಬಸ್ಸಿನವರೆಗೆ ಹೊತ್ತುಕೊಟ್ಟವನು ನಾನು. ಅಣ್ಣಾ, ನೀವರೆ ಒಂದು ಮಾತು ಹೇಳ್ರಿ ಎಂದು ದಾರಿಯುದ್ದಕ್ಕೂ ಕೇಳಿದ. ಸಿಟ್ಟು ಇಳಿದ ಮೇಲೆ ಹೇಳುತ್ತೇನೆ ಎಂದೆ.

ಅವನು ಪಣಜಿಯ ಹತ್ತಿರದ ಚಿಂಬಲ್‌ಗೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರಿದ. ಕಾಕಾ ಅದೇ ವಾರ ಕಂಪ್ಯೂಟರನ್ನು ಗೌಸ್‌ಸಾಬರಿಗೆ ವಾಪಸು ಕೊಟ್ಟು ಬಂದರು. ಕಾಕು ಗಂಡನಿಗೆ ಅಡಿಗೆ ಮಾಡಿ ಹಾಕುತ್ತಿದ್ದರು, ಮಾತಾಡುತ್ತಿರಲಿಲ್ಲ. ಏನಾದರೂ ಹೇಳುವುದಿದ್ದರೆ ಗೋಡೆಗೆ ಹೇಳುವರು. ಐದು ವರ್ಷದ ಮೇಲೆ ಕಾಮಾಲೆಯಾಗಿ ತೀರಿಕೊಂಡರು. ಸುದ್ದಿ ಕೇಳಿ ಮಲ್ಲೇಶಿ ಓಡಿ ಬಂದ. ಕಾಕಾ ಹೊಸ್ತಿಲಲ್ಲಿ ಎರಡೂ ಕೈ ಚಾಚಿ ನಿಂತು ಅವನನ್ನು ಒಳಗೆ ಬಿಡಲಿಲ್ಲ. ಅವನು ರಸ್ತೆಯ ಆಚೆ ನಿಂತು ಅಕ್ಕನ ಹೆಣ ಹೋಗುವುದನ್ನು ನೋಡಿದ. ನಾನು ಹೆಗಲು ಕೊಟ್ಟವರಲ್ಲಿ ಒಬ್ಬನಾಗಿದ್ದೆ.

ಇಷ್ಟು ವರ್ಷ ನಾನು ಕುರ್ಚಿಯ ಮೇಲೆ, ಅವರು ಪಕ್ಕದಲ್ಲಿ ನಿಂತು. ಮಾಲು ಸಿಗದಿದ್ದರೆ ಅವರನ್ನೇ ಕರೆಯುತ್ತಿದ್ದೆ. ಸೊಂಟ ಪೂರಾ ಹೋದ ಮೇಲೆ ಗೇಟಿಗೆ ಹಾಕಿದರು, ಆಮೇಲೆ ಮನೆಗೆ ಕಳಿಸಿದರು.

ಹೋದ ವರ್ಷ ನಾನು ಸಾಂಖಳಿಯಲ್ಲಿ ಮನೆ ಮಾಡಿಕೊಂಡು ಝುವಾರಿನಗರ ಬಿಟ್ಟೆ. ಹೊರಡುವ ಹಿಂದಿನ ದಿನ ಸಂಜೆ ಕಾಕಾನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಪಶ್ಚಾತ್ತಾಪ ಎಂದು ಆಗ ಅಂದುಕೊಂಡಿದ್ದೆ. ನಿಜವೆಂದರೆ ಹೊಸ ಮನೆಗೆ ಅದನ್ನು ಹೊತ್ತುಕೊಂಡು ಹೋಗಲು ನನಗೆ ಇಷ್ಟವಿರಲಿಲ್ಲ, ಇಲ್ಲೇ ಇಳಿಸಿ ಹೋಗಬೇಕಿತ್ತು.

ಅವರು ಮಂಚದ ಮೇಲೆ ಒರಗಿ ಕೇಳಿದರು. ಸೂಜಿ ಯಾವ ನಂಬರಿನದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆಮೇಲೆ ನನ್ನ ಕಡೆ ನೋಡದೆ ಒಂದು ಮಾತು ಹೇಳಿದರು.

"ಇಷ್ಟ ದಿನ ಅವನ ತಪ್ಪು ಅಂತ ಬದುಕಿದ್ದೆ. ಈಗ ನನ್ನ ತಪ್ಪು ಅಂತ ಸಾಯಬೇಕಾತು. ನೀ ಯಾಕ ಹೇಳಿದಿ?"

ನನಗಂತೂ ಎದೆ ಹಗುರಾಗಿತ್ತು. ನಾಚಿಕೆಯಾದರೂ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹಸಿವಾಗುತ್ತಿತ್ತು.

ನಾಳೆ ಬೆಳಿಗ್ಗೆ ಚಿಂಬಲ್‌ಗೆ ಹೋಗೋಣ, ಇದನ್ನು ಅವನೆದುರು ಹೇಳು ಎಂದರು. ಬರುತ್ತೇನೆ ಎಂದೆ. ಬೆಳಿಗ್ಗೆ ಸಾಮಾನಿನ ಲಾರಿ ಬಂತು. ಅವರ ಕೋಣೆಯ ಮುಂದಿನ ದಾರಿ ಬಿಟ್ಟು ಹಿಂದಿನ ದಾರಿಯಿಂದ ಲಾರಿ ತಿರುಗಿಸಲು ಡ್ರೈವರನಿಗೆ ಹೇಳಿದೆ. ಕಾಕಾ ಹತ್ತು ಗಂಟೆಯತನಕ ನನ್ನನ್ನು ಕಾದು, ಕೋಲು ಹಿಡಿದು ಒಬ್ಬರೇ ಬಸ್ ಹತ್ತಿದರೆಂದು ಆಮೇಲೆ ಕೇಳಿದೆ.

ಅವರು ಅಲ್ಲಿಂದ ತಿರುಗಿ ಬರಲಿಲ್ಲ. ನಾಲ್ಕು ತಿಂಗಳು ಮಲ್ಲೇಶಿಯ ಮನೆಯಲ್ಲೇ ಇದ್ದು ತೀರಿಕೊಂಡರು. ಸುದ್ದಿ ತಿಳಿದು, ಹೋಗದಿದ್ದರೆ ಜನ ಏನೆಂದುಕೊಳ್ಳುತ್ತಾರೋ ಎಂದು, ಒಂಬತ್ತನೆಯ ದಿನ ಚಿಂಬಲ್‌ಗೆ ಹೋದೆ. ಬಾಗಿಲು ತಟ್ಟುವಾಗ ಅವನಿಗೆ ಎಲ್ಲ ಗೊತ್ತಿದೆ ಎಂದೇ ತಿಳಿದಿದ್ದೆ. ಮಲ್ಲೇಶಿಗೆ ಆಗಲೇ ತಲೆ ನರೆತಿತ್ತು. ನನ್ನನ್ನು ಕಂಡವನೇ ಕೈ ಹಿಡಿದು ಒಳಗೆ ಕರೆದೊಯ್ದು ಒಂದೇ ಒಂದು ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ತಾನು ನೆಲದ ಮೇಲೆ ಕೂತ. ಕಾಕಾ ಬಂದ ದಿನದ ಸುದ್ದಿ ಹೇಳಿದ. ಬಾಗಿಲಲ್ಲಿ ನಿಂತವರು ಒಳಗೆ ಬಾ ಎಂದರೂ ಬರದೆ, ಅಲ್ಲೇ ಕುಸಿದು ಕೂತು ಅವನ ಪಾದ ಹಿಡಿದರಂತೆ.

"ನೀನಲ್ಲೋ, ಯಾರಂತ ಗೊತ್ತಾತು, ಅಂದ ಮಾಮಾ," ಎಂದು ಮಲ್ಲೇಶಿ ಕಣ್ಣು ಒರೆಸಿಕೊಂಡ. "ಯಾರಂತ ಎಷ್ಟ ಕೇಳಿದ್ರೂ ಹೇಳಲಿಲ್ರಿ. ಅವಂಗೂ ಹೆಂಡ್ರು ಮಕ್ಕಳದಾವು, ಬಿಡು ಅಂದ. ನೀವು ಅವರ ಕೂಡ ಭಾಳ ವರ್ಷ ಇದ್ದವರು. ನಿಮಗೇನರೆ ಗೊತ್ತೈತೇನ್ರಿ ಅಣ್ಣಾ?"

"ಇಲ್ಲಪಾ," ಎಂದೆ. "ನನಗೇನೂ ಗೊತ್ತಿಲ್ಲ."

ಅವನು ತಲೆಯಾಡಿಸಿದ. ಊಟ ಮಾಡದೆ ಬಿಡಲಿಲ್ಲ. ಬಿಸಿಲಿದೆ ಎಂದು ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದ. ಪಣಜಿಯ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಮಲ್ಲೇಶಿ ಗುಂಪಿನಲ್ಲಿ ನುಗ್ಗಿ, ಕಿಟಕಿಯಿಂದ ತನ್ನ ಟವೆಲ್ಲನ್ನು ಒಳಗೆ ಒಗೆದು ನನಗೊಂದು ಸೀಟು ಹಿಡಿದುಕೊಟ್ಟ. ನಾನು ಕೂತೆ. ಬಸ್ಸು ಹೊರಡುವವರೆಗೂ ಅವನು ಕಿಟಕಿಯ ಕೆಳಗೆ ಬಿಸಿಲಿನಲ್ಲಿ ನಿಂತಿದ್ದ.